ಜೀಪುಗಳು ಮತ್ತೆ ಸಾಲುಗಟ್ಟುವ ಮೊದಲು: ನಿರ್ಬಂಧ ತೆರವಾದ ನಂತರದ ಮೊದಲ ಸಾಮೂಹಿಕ ಸವಾರಿಗೆ ಸಿದ್ಧತೆ

ಕರ್ನಾಟಕದಲ್ಲಿ ಕೋವಿಡ್ ಕಾರಣಕ್ಕೆ ಹೇರಿದ್ದ ವಾರಾಂತ್ಯದ ಕರ್ಫ್ಯೂ 2022ರ ಜನವರಿ 21ರಂದು ರದ್ದಾಗಿ, ಜನವರಿ 31ರಿಂದ ರಾತ್ರಿ ಕರ್ಫ್ಯೂ ಕೂಡ ತೆರವಾದ ಮೇಲೆ ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವ ನಮ್ಮ ಜೀಪ್ ಕ್ಲಬ್ಬಿನ ಸದಸ್ಯರೆಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮತ್ತೆ ಯಾವಾಗ ಹೊರಡುವುದು? 2020ರ ಮಾರ್ಚ್‌ನಿಂದ ಈಚೆಗೆ ನಾವು ಎರಡು ಸಲ ನಿಂತು ಎರಡು ಸಲ ಶುರು ಮಾಡಿದ್ದೆವು, ಆಗಿನದು ಮೂರನೆಯದು. ಸವಾರಿಗಳನ್ನು ಸಂಯೋಜಿಸುವ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, ಹಿಂದಿನ ಎರಡು ಸಲ ಕಲಿತದ್ದನ್ನು ಇತರ ಗುಂಪುಗಳಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿಡುತ್ತಿದ್ದೇನೆ.

2020ರ ನವೆಂಬರ್‌ನಲ್ಲಿ, ಮೊದಲ ಲಾಕ್‌ಡೌನ್ ಮುಗಿದ ಮೇಲೆ, ನಾವು 19 ಗಾಡಿಗಳೊಂದಿಗೆ ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ ಹೋದೆವು. ಎಂಟು ತಿಂಗಳ ಹಿಂದೆ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಮುಂದುವರಿಯಬಹುದೆಂದು ಎಲ್ಲರೂ ಭಾವಿಸಿದ್ದೆವು. ದಾರಿಯಲ್ಲಿಯೇ ಮೂರು ಗಾಡಿಗಳ ಬ್ಯಾಟರಿ ಕೈಕೊಟ್ಟಿತು. ತೋಟದ ಇಳಿಜಾರಿನಲ್ಲಿ ಒಂದು ಗಾಡಿಯ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಕೆಸರಿನಲ್ಲಿ ಹೂತ ಜೀಪನ್ನು ಎಳೆಯುವಾಗ ಹಳೆಯ ಪಟ್ಟಿಯೊಂದು ತುಂಡಾಗಿ, ಯಾರೂ ಅದರ ನೇರಕ್ಕೆ ನಿಂತಿರದಿದ್ದುದರಿಂದ ಮಾತ್ರ ಅನಾಹುತ ತಪ್ಪಿತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆಯೇ ಒಂದು ದೃಶ್ಯ. ನಮ್ಮ ಗಾಡಿಗಳ ಸಾಲು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಮುಂದೆ ಬಂದಾಗ, ಹಿಂದೆ ಕೈ ಬೀಸುತ್ತ ಓಡಿ ಬರುತ್ತಿದ್ದ ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡರು. ಮಾಲೀಕರ ಅನುಮತಿ ನಮಗಿತ್ತು, ಆದರೆ ಅಲ್ಲಿ ವಾಸಿಸುವವರನ್ನು ನಾವು ಕೇಳಿರಲಿಲ್ಲ.

ಆದ್ದರಿಂದ ನನ್ನ ಸಲಹೆಯ ಸಾರ ಇಷ್ಟು. ಬಿಡುವಿನ ನಂತರದ ಮೊದಲ ಸವಾರಿಯನ್ನು ಗಾಡಿ, ಕೈ, ಸಲಕರಣೆ ಮತ್ತು ಸ್ಥಳೀಯರ ವಿಶ್ವಾಸ ಈ ನಾಲ್ಕೂ ಸರಿಯಾಗಿವೆಯೇ ಎಂದು ಪರೀಕ್ಷಿಸುವುದಕ್ಕೆಂದೇ ಮೀಸಲಿಡಬೇಕು. ಐದಾರು ಗಾಡಿಗಳು ಸಾಕು. ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಹತ್ತಿರದ, ಒಣ ನೆಲದ, ನಿಮಗೆ ಮೊದಲೇ ಪರಿಚಯವಿರುವ ಜಾಗ ಬೇಕು. ಬೆಂಗಳೂರಿನವರಾದರೆ ಕನಕಪುರ, ಮಾಗಡಿ ಅಥವಾ ಕೋಲಾರದ ಕಡೆ ಯಾರಾದರೂ ಸದಸ್ಯರ ಸ್ವಂತ ಜಮೀನಿದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮಲೆನಾಡಿನ ಆಸೆಯನ್ನು ಎರಡನೆಯ ಸವಾರಿಗೆ ಇಟ್ಟುಕೊಳ್ಳಿ.

ಯಾರು ಬರಬೇಕು, ಯಾರು ಬರಬಾರದು

ಮೊದಲು ದುಡ್ಡಿನ ಮಾತು. ಸವಾರಿಗೆ ಮುಂಗಡವಾಗಿ ಹಣ ಪಡೆದು, ಬಾರದಿದ್ದರೆ ಹಿಂತಿರುಗಿಸುವುದಿಲ್ಲ ಎಂಬ ನಿಯಮ ಬಹುತೇಕ ಗುಂಪುಗಳಲ್ಲಿ ಇರುತ್ತದೆ. ಊಟ, ತೋಟದ ಪ್ರವೇಶ ಶುಲ್ಕ ಮುಂತಾದ ಖರ್ಚಿಗಾಗಿ ಆ ನಿಯಮ ಮಾಡಿರುವುದು ನಿಜವಾದರೂ, ಈ ಕಾಲದಲ್ಲಿ ಅದು ಅಪಾಯಕಾರಿ. ಹಿಂದಿನ ರಾತ್ರಿ ಗಂಟಲು ಕೆರೆಯುತ್ತಿರುವ ಮನುಷ್ಯನಿಗೆ, ಹೋಗದಿದ್ದರೆ ಎರಡು ಸಾವಿರ ರೂಪಾಯಿ ಹೋಗುತ್ತದೆ ಎಂದು ಗೊತ್ತಿದ್ದರೆ, ಅವನು ಒಂದು ಮಾತ್ರೆ ನುಂಗಿ ಹೊರಟುಬಿಡುತ್ತಾನೆ. ಆರೋಗ್ಯದ ಕಾರಣಕ್ಕೆ ಬೆಳಿಗ್ಗೆ ಐದು ಗಂಟೆಗೆ ಫೋನ್ ಮಾಡಿ ಬರುವುದಿಲ್ಲ ಎಂದರೂ ಪೂರ್ತಿ ಹಣ ವಾಪಸ್ ಕೊಡುತ್ತೇವೆ, ಕಾರಣವನ್ನೂ ಕೇಳುವುದಿಲ್ಲ ಎಂದು ಮೊದಲೇ ಬರೆದು ತಿಳಿಸಿ. ನಷ್ಟವಾದರೆ ಅದನ್ನು ಕ್ಲಬ್ಬಿನ ನಿಧಿಯಿಂದ ಭರಿಸಿ. ನಾವು ಮಾಡಿಕೊಂಡ ಎಲ್ಲ ನಿಯಮಗಳ ಪೈಕಿ ಅತಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಇದೇ.

2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಲಘು ಲಕ್ಷಣಗಳಿರುವ ಸೋಂಕಿತರು ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ದಿನದಿಂದ ಕನಿಷ್ಠ 7 ದಿನ ಕಳೆದು, ಸತತ 3 ದಿನ ಜ್ವರವಿಲ್ಲದಿದ್ದರೆ ಮನೆವಾಸದಿಂದ ಹೊರಬರಬಹುದಿತ್ತು. ಆದರೆ ಮನೆಯಿಂದ ಹೊರಬರಲು ಅನುಮತಿ ಸಿಗುವುದು ಬೇರೆ, ಹೂತ ಜೀಪಿನ ಕೆಳಗೆ ಮೊಣಕಾಲೂರಿ ಅರ್ಧ ಗಂಟೆ ಮಣ್ಣು ಅಗೆಯುವ ಶಕ್ತಿ ಇರುವುದು ಬೇರೆ. ಇತ್ತೀಚೆಗೆ ಗುಣವಾದವರು ಬರಲಿ, ಗಾಡಿಯನ್ನೂ ಓಡಿಸಲಿ. ಎಳೆಯುವ, ಅಗೆಯುವ, ಭಾರ ಹೊರುವ ಕೆಲಸವನ್ನು ಮಾತ್ರ ಅವರಿಗೆ ಹಚ್ಚಬೇಡಿ. ಎರಡನೇ ಅಲೆಯಲ್ಲಿ ಆಸ್ಪತ್ರೆ ಸೇರಿ ಆಮ್ಲಜನಕದ ನೆರವು ಪಡೆದಿದ್ದವರು ತಮ್ಮ ವೈದ್ಯರನ್ನು ಕೇಳಿಯೇ ಬರಬೇಕು. ಇದನ್ನು ಎಲ್ಲರೆದುರು ಕೇಳದೆ, ಸಂಯೋಜಕರು ಒಬ್ಬೊಬ್ಬರಿಗೂ ಖಾಸಗಿಯಾಗಿ ಫೋನ್ ಮಾಡಿ ಕೇಳುವುದು ಮರ್ಯಾದೆ. ಆ ಅಲೆಯಲ್ಲಿ ಮನೆಯವರನ್ನು ಕಳೆದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಅವರು ಇನ್ನೂ ಬರಲು ಸಿದ್ಧರಿಲ್ಲದಿದ್ದರೆ ಒತ್ತಾಯಿಸಬಾರದು.

ಒಂದು ಗಾಡಿಯಲ್ಲಿ ಒಂದೇ ಮನೆಯವರು, ಅಥವಾ ಈಗಾಗಲೇ ನಿತ್ಯ ಒಡನಾಟದಲ್ಲಿರುವವರು ಕೂರಲಿ. ಗಾಡಿಯಿಲ್ಲದ ಗೆಳೆಯರನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೋಗುವುದು ನಮ್ಮ ಸಂಪ್ರದಾಯವೇ ಆಗಿತ್ತು. ಮೊದಲ ಒಂದೆರಡು ಸವಾರಿಗಳಲ್ಲಿ ಅದು ಬೇಡ. ಮುಚ್ಚಿದ ಗಾಡಿಯಲ್ಲಿ ಬೇರೆ ಮನೆಯವರು ಇರಲೇಬೇಕಾದರೆ ಮಾಸ್ಕ್ ಇರಲಿ, ಗಾಜು ಇಳಿದಿರಲಿ. ಬುತ್ತಿ, ನೀರು, ಲೋಟ ಅವರವರದೇ.

ಜಾಗ ಮತ್ತು ಜಾಗದ ಜನ

ಫೆಬ್ರುವರಿ, ಮಾರ್ಚ್ ತಿಂಗಳುಗಳು ಮಲೆನಾಡಿನಲ್ಲಿ ಬಿಡುವಿನ ಕಾಲವಲ್ಲ. ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ. ಕಣಗಳಲ್ಲಿ ಹಣ್ಣು ಒಣಗುತ್ತಿರುತ್ತದೆ. ತೋಟದ ರಸ್ತೆಗಳಲ್ಲಿ ಚೀಲ ಹೊತ್ತ ಪಿಕಪ್‌ಗಳು ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತವೆ. ಹತ್ತು ಜೀಪುಗಳು ಎಬ್ಬಿಸಿದ ಧೂಳು ಒಣಗಲು ಹರಡಿದ ಕಾಫಿಯ ಮೇಲೆ ಕೂತರೆ, ಮಾಲೀಕರು ಸಂಕೋಚದಿಂದ ಏನೂ ಹೇಳದಿರಬಹುದು. ಮುಂದಿನ ವರ್ಷ ಮಾತ್ರ ಗೇಟು ತೆರೆಯುವುದಿಲ್ಲ. ಆದುದರಿಂದ ಅನುಮತಿ ಕೇಳುವಾಗ ಮಾಲೀಕರ ಜೊತೆಗೆ ತೋಟದ ಉಸ್ತುವಾರಿ ನೋಡುವ ರೈಟರ ಬಳಿಯೂ ಮಾತನಾಡಿ. ಯಾವ ಬ್ಲಾಕಿನಲ್ಲಿ ಕೊಯ್ಲು ಮುಗಿದಿದೆ, ಯಾವ ದಾರಿಯಲ್ಲಿ ಕೆಲಸದವರು ನಡೆದು ಬರುತ್ತಾರೆ, ಯಾವ ಸಂಕ (ಸಣ್ಣ ಸೇತುವೆ) ಹೋದ ಮಳೆಗಾಲದಲ್ಲಿ ಕುಸಿದಿದೆ ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಲೈನ್ ಮನೆಗಳ ಮುಂದಿನಿಂದ ಹಾಯದ ಬೇರೆ ದಾರಿ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಎಷ್ಟು ಗಾಡಿ, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಅಲ್ಲಿಯವರಿಗೆ ಹಿಂದಿನ ದಿನವೇ ತಿಳಿಸಲು ಅವರನ್ನು ವಿನಂತಿಸಿ.

ಕಾಡಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಮೀಸಲು ಅರಣ್ಯ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಗಾಡಿ ನುಗ್ಗಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಪ್ರಕಾರ ಅಪರಾಧ. ನಕ್ಷೆಯಲ್ಲಿ ದಾರಿ ಕಾಣುತ್ತದೆ ಎಂಬುದು ಹೋಗಲು ಪರವಾನಗಿಯಲ್ಲ. ಕೊಡಗಿನಲ್ಲಿ ದೇವರಕಾಡುಗಳ ಅಂಚಿಗೂ ಗಾಡಿ ತರಬೇಡಿ. ಎರಡು ವರ್ಷ ಜನರ ಓಡಾಟ ಕಡಿಮೆಯಾಗಿದ್ದ ಹಲವು ಕಾಲುದಾರಿಗಳನ್ನು ಆನೆ, ಕಾಟಿಗಳು ತಮ್ಮದಾಗಿಸಿಕೊಂಡಿರಬಹುದು. ಹಳೆಯ ಗುರುತನ್ನು ನಂಬಿ ಹೋಗದೆ, ಸವಾರಿಗೆ ಒಂದು ವಾರ ಮೊದಲು ಇಬ್ಬರು ಹೋಗಿ ದಾರಿಯನ್ನು ಪೂರ್ತಿ ನೋಡಿ ಬರಬೇಕು.

ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಒಣಹುಲ್ಲಿನ ಮೇಲೆ ಬಿಸಿಯಾದ ಸೈಲೆನ್ಸರ್ ನಿಂತರೆ ಹುಲ್ಲು ಹೊತ್ತಿಕೊಳ್ಳಬಹುದೆಂದು ಹಳಬರಿಗೆ ಗೊತ್ತು. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ವಾಹನಗಳ ಹೊಗೆ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಅಪಾಯ ಹೆಚ್ಚು ಎಂಬುದು ಹೊಸಬರಿಗೆ ತಿಳಿದಿರಲಾರದು. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಫಿಲ್ಟರ್ ತುಂಬಿದಾಗ, ಅದನ್ನು ಸುಟ್ಟು ಶುಚಿಗೊಳಿಸಿಕೊಳ್ಳಲು ಎಂಜಿನ್ ಆ ಭಾಗದ ಉಷ್ಣತೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತದೆ. ನಗರದಲ್ಲಿ ಗಿಜಿಗುಡುವ ರಸ್ತೆಯಲ್ಲಿ ನಿಧಾನವಾಗಿ ಓಡಿದ ಗಾಡಿಗಳಲ್ಲಿ ಈ ಫಿಲ್ಟರ್ ಬೇಗ ತುಂಬುತ್ತದೆ. ಅಂಥ ಗಾಡಿಯವರು ಸವಾರಿಯ ದಿನ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಕಷ್ಟು ದೂರ ಓಡಿಸಿ, ಎಚ್ಚರಿಕೆಯ ದೀಪ ಇಲ್ಲವೆಂದು ಖಚಿತಪಡಿಸಿಕೊಂಡೇ ಹುಲ್ಲುಗಾವಲಿಗೆ ಇಳಿಯಬೇಕು. ಅಲ್ಲಿ ನಿಲ್ಲಿಸುವಾಗ ಬರಿ ಮಣ್ಣಿರುವ ಜಾಗವನ್ನೇ ಆರಿಸಬೇಕು. ಪ್ರತಿ ಗಾಡಿಯಲ್ಲೂ ಬೆಂಕಿ ನಂದಿಸುವ ಸಿಲಿಂಡರ್ ಇರಲಿ, ಅದರ ಮುಳ್ಳು ಹಸಿರು ಭಾಗದಲ್ಲಿರಲಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗುಗಳಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಲ. ಉಣುಗು ಕಚ್ಚಿ 3ರಿಂದ 8 ದಿನಗಳ ನಂತರ ಏಕಾಏಕಿ ಬರುವ ಜ್ವರ, ತಲೆನೋವು, ಮೈಕೈ ನೋವುಗಳನ್ನು ಕೋವಿಡ್ ಎಂದೇ ತಿಳಿಯುವ ಸಂಭವವಿದೆ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ನಿವಾರಕ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಇವಿಷ್ಟನ್ನು ಪಾಲಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ, ಕೋವಿಡ್ ಪರೀಕ್ಷೆ ನೆಗೆಟಿವ್ ಎಂದು ಸುಮ್ಮನಾಗದೆ, ಇಂಥ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ನಿಂತಿದ್ದ ಗಾಡಿಯನ್ನು ಎಬ್ಬಿಸುವುದು

ಓಡಿದ ಗಾಡಿಗಿಂತ ನಿಂತ ಗಾಡಿ ಬೇಗ ಕೆಡುತ್ತದೆ ಎಂಬುದನ್ನು ಈ ಎರಡು ವರ್ಷಗಳಲ್ಲಿ ನಾವೆಲ್ಲ ಕಂಡಿದ್ದೇವೆ. ಸವಾರಿಗೆ ಮೂರು ವಾರ ಇರುವಾಗಲೇ ಪರೀಕ್ಷೆ ಶುರುವಾಗಬೇಕು, ಏಕೆಂದರೆ ಹಳೆಯ ಮಹೀಂದ್ರ ಎಂಎಂ 540 ಅಥವಾ ಮಾರುತಿ ಜಿಪ್ಸಿಯಂಥ ಗಾಡಿಯ ಬಿಡಿಭಾಗ ಕೇಳಿದ ದಿನವೇ ಸಿಗುವುದಿಲ್ಲ.

ಬ್ಯಾಟರಿಯಿಂದ ಶುರು ಮಾಡಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲು ಮೀಟರ್ ಹಿಡಿದು ಅಳೆಯಿರಿ: 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ, 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಮತ್ತೊಮ್ಮೆ ಪರೀಕ್ಷಿಸದೆ ಅದನ್ನು ನಂಬಬೇಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದೆ ಎನ್ನುವವರ ಬ್ಯಾಟರಿಗಳೇ ನಮ್ಮಲ್ಲಿ ಹೆಚ್ಚು ಕೈಕೊಟ್ಟವು. ಅಷ್ಟು ಹೊತ್ತಿನಲ್ಲಿ ಬ್ಯಾಟರಿ ಪೂರ್ತಿ ತುಂಬುವುದಿಲ್ಲ. ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ, ಬ್ಯಾಟರಿಯಿಂದ ನಡೆಯುವ ಯಂತ್ರ) ಇರುವ ಗಾಡಿಯಲ್ಲಂತೂ ದುರ್ಬಲ ಬ್ಯಾಟರಿ ಎಂದರೆ ವಿಂಚ್ ಇಲ್ಲದಂತೆಯೇ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಉದ್ದನೆಯ ಇಳಿಜಾರಿನಲ್ಲಿ ಕಾದಾಗ ಬೇಗ ಕುದಿದು ಆವಿಯಾಗುತ್ತದೆ. ಆಗ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ನಮ್ಮ 2020ರ ಸವಾರಿಯಲ್ಲಿ ಆದದ್ದು ಇದೇ. ಕಿಲೋಮೀಟರ್ ಎಷ್ಟೇ ಓಡಿರಲಿ, ಎರಡು ವರ್ಷ ಕಳೆದಿದ್ದರೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಚಾರ್ಮಾಡಿ, ಶಿರಾಡಿಗಳಂಥ ಘಾಟಿಯನ್ನು ಇಳಿಯುವವರಿಗೆ ಇದು ಐಚ್ಛಿಕವಲ್ಲ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದ್ದರೆ ಹಿಂದಿನ ಡ್ರಮ್‌ನಲ್ಲಿ ಲೈನರ್ ಅಂಟಿಕೊಂಡಿರಬಹುದು. ಬಲವಂತವಾಗಿ ಎಳೆಯದೆ ಚಕ್ರ ಬಿಚ್ಚಿ ನೋಡಿಸಿ.

ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2315 ಎಂದಿದ್ದರೆ 2015ರ 23ನೇ ವಾರ. ಬಟನ್ (ಟೈರಿನ ಮೇಲ್ಮೈಯ ಹಲ್ಲು) ಚೆನ್ನಾಗಿದೆ ಎಂಬ ಕಾರಣಕ್ಕೆ ಹಳೆಯ ಟೈರನ್ನು ಉಳಿಸಿಕೊಳ್ಳುವವರು ಒಂದು ಸಂಗತಿಯನ್ನು ಗಮನಿಸಬೇಕು. ರಸ್ತೆಯಲ್ಲಿ ಓಡುವಾಗ ಅಷ್ಟಾಗಿ ಮಡಚಿಕೊಳ್ಳದ ಟೈರಿನ ಪಕ್ಕೆ, ಕೆಸರಿಗಾಗಿ ಗಾಳಿ ಇಳಿಸಿದಾಗ ಪ್ರತಿ ಸುತ್ತಿನಲ್ಲೂ ಬಳುಕುತ್ತದೆ. ಅಲ್ಲಿ ಸಣ್ಣ ಬಿರುಕುಗಳಿದ್ದರೆ ಒಡೆಯುವುದು ಆಗಲೇ. ಪಕ್ಕೆ ಬಿರುಕು ಬಿಟ್ಟ ಟೈರುಗಳ ಗಾಡಿಯನ್ನು ಸವಾರಿಗೆ ಸೇರಿಸಿಕೊಳ್ಳಬೇಡಿ, ಅದು ಅಧ್ಯಕ್ಷರದೇ ಆಗಿದ್ದರೂ.

ಡೀಸೆಲ್ ಗಾಡಿಗಳ ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ಶೇಖರವಾದ ನೀರನ್ನು ಹೊರಹಾಕಿ. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುವುದರಿಂದ ಅದೂ ನೀರನ್ನು ಎಳೆದುಕೊಳ್ಳುತ್ತದೆ. ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿದ್ದರೆ ಖಾಲಿ ಮಾಡಿ ಹೊಸದು ತುಂಬಿ. ಬಾನೆಟ್ ತೆಗೆದು ಇಲಿಗಳ ಗುರುತು ಹುಡುಕಿ: ಕಡಿದ ವೈರು, ಏರ್ ಫಿಲ್ಟರ್ ಪೆಟ್ಟಿಗೆಯೊಳಗಿನ ಗೂಡು, ಕಚ್ಚಿದ ಕೂಲೆಂಟ್ ಪೈಪು. ತೇವದ ಶೆಡ್ಡಿನಲ್ಲಿ ನಿಂತ ಗಾಡಿಗಳಲ್ಲಿ ಕ್ಲಚ್ ಪ್ಲೇಟು ಫ್ಲೈವ್ಹೀಲಿಗೆ ತುಕ್ಕಿನಿಂದ ಹಿಡಿದುಕೊಂಡಿರುವುದೂ ಉಂಟು.

ಇನ್ನು ನಾಲ್ಕೂ ಚಕ್ರದ ಚಾಲನೆಯದೇ ವಿಷಯ. ತಿಂಗಳುಗಟ್ಟಲೆ ಫೋರ್ ವ್ಹೀಲ್ ಡ್ರೈವ್ ಬಳಸದಿದ್ದರೆ, ಎಂಜಿನ್ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರುಗಳ ಮೇಲೆ ಎಣ್ಣೆಯ ಪದರ ಉಳಿದಿರುವುದಿಲ್ಲ, ಲಿವರ್ ಬಿಗಿದುಕೊಂಡಿರುತ್ತದೆ, ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ, ಬಿಡಿಸುವ ಫ್ರೀ ವ್ಹೀಲ್ ಹಬ್ ಇರುವ ಹಳೆಯ ಗಾಡಿಗಳಲ್ಲಿ ಹಬ್ ತಿರುಗುವುದೇ ಇಲ್ಲ. ಸವಾರಿಗೆ ಮೊದಲೇ ಒಮ್ಮೆ ಮಣ್ಣಿನ ಮೈದಾನಕ್ಕೆ ಹೋಗಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಮಾಮೂಲಿ ವೇಗದ ಗೇರು) ಹಾಕಿ ನೂರು ಮೀಟರ್, ನಂತರ ಗಾಡಿ ನಿಲ್ಲಿಸಿ ಫೋರ್ ಲೋ (ನಿಧಾನವಾದ, ಹೆಚ್ಚು ಎಳೆತದ ಗೇರು) ಹಾಕಿ ಇನ್ನಷ್ಟು ದೂರ ನೇರವಾಗಿ ಓಡಿಸಿ ನೋಡಿ. ಈ ಪರೀಕ್ಷೆಯನ್ನು ಒಣ ಡಾಂಬರು ರಸ್ತೆಯಲ್ಲಿ ಮಾಡಬಾರದು. ಥಾರ್, ಜಿಪ್ಸಿಗಳಂಥ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾದಾಗ, ಮಣ್ಣಿನಲ್ಲಾದರೆ ಸ್ವಲ್ಪ ಜಾರಿ ಸರಿಹೋಗುವ ಒತ್ತಡ ಡಾಂಬರಿನ ಮೇಲೆ ಪೂರ್ತಿಯಾಗಿ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಕೊಂಡ ಅನೇಕರು ಈ ಅವಧಿಯಲ್ಲಿ ಮೊದಲ ಬಾರಿಗೆ ಇಂಥ ಗಾಡಿಯ ಒಡೆಯರಾಗಿದ್ದಾರೆ. ಅವರಿಗೆ ಇದನ್ನು ಹೇಳಿಕೊಡಬೇಕಾದವರು ನಾವೇ.

ಕಾಗದಪತ್ರಗಳ ಬಗ್ಗೆ ಒಂದು ಮಾತು. 2020ರ ಫೆಬ್ರುವರಿ 1ರ ನಂತರ ಅವಧಿ ಮುಗಿದ ಚಾಲನಾ ಪರವಾನಗಿ, ನೋಂದಣಿ, ಫಿಟ್‌ನೆಸ್ ಮುಂತಾದವುಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ ಕೊಟ್ಟಿದ್ದ ರಿಯಾಯಿತಿ 2021ರ ಅಕ್ಟೋಬರ್ 31ಕ್ಕೆ ಮುಗಿದಿದೆ. 15 ವರ್ಷ ತುಂಬಿದ ಖಾಸಗಿ ಜೀಪುಗಳ ನೋಂದಣಿಯನ್ನು ನವೀಕರಿಸಿರಬೇಕು. ಮನೆಯಲ್ಲಿ ಕುಳಿತ ತಿಂಗಳುಗಳಲ್ಲಿ ಗಾಡಿಯನ್ನು ಮಾರ್ಪಡಿಸಿಕೊಂಡವರು, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿರುವುದನ್ನು ಅರಿತಿರಬೇಕು. ವಿಮೆಯ ಪತ್ರವನ್ನು ಪೂರ್ತಿ ಓದಿ, ರಸ್ತೆಯಿಲ್ಲದ ಕಡೆ ಆದ ಹಾನಿಯ ಬಗ್ಗೆ ಅದು ಏನು ಹೇಳುತ್ತದೆ ಎಂಬುದನ್ನು ಕಂಪನಿಯನ್ನು ಕೇಳಿ ತಿಳಿದುಕೊಳ್ಳಿ.

ಎಳೆಯುವ ಸಲಕರಣೆ

ತುಂಡಾದ ನಮ್ಮ ಪಟ್ಟಿ ನೋಡಲು ಗಟ್ಟಿಯಾಗಿಯೇ ಇತ್ತು. ಅದು ಎರಡು ಬೇಸಿಗೆ ಜೀಪಿನ ಹಿಂಬದಿಯಲ್ಲಿ ಬಿಸಿಲಿಗೆ ಬಿದ್ದಿತ್ತು; ನೈಲಾನ್ ನೂಲು ಬಿಸಿಲಿನಲ್ಲಿ ಒಳಗೊಳಗೇ ಸೊರಗುತ್ತದೆ. ಪಟ್ಟಿಯನ್ನು ಪೂರ್ತಿ ಬಿಚ್ಚಿ, ಅಂಗೈ ಮೇಲೆ ಹಾಯಿಸುತ್ತ ನೋಡಿ. ಬಣ್ಣ ಮಾಸಿ ಒರಟಾಗಿದ್ದರೆ, ಹೊಲಿಗೆ ಬಿಟ್ಟಿದ್ದರೆ, ಅಂಚು ಕತ್ತರಿಸಿದ್ದರೆ ಅದನ್ನು ಇಟ್ಟುಕೊಳ್ಳದೆ ಎರಡಾಗಿ ಕತ್ತರಿಸಿ ಎಸೆಯಿರಿ, ಇಲ್ಲದಿದ್ದರೆ ಅವಸರದಲ್ಲಿ ಯಾರಾದರೂ ಮತ್ತೆ ಬಳಸುತ್ತಾರೆ. ಹಿಗ್ಗುವ ಪಟ್ಟಿಯನ್ನು ಕೊಳ್ಳುವಾಗ, ಅದರ ತಾಳಿಕೆಯು ಎರಡು ಗಾಡಿಗಳಲ್ಲಿ ಹಗುರವಾದುದರ ಗರಿಷ್ಠ ತೂಕದ ಎರಡರಿಂದ ಮೂರು ಪಟ್ಟು ಇರಲಿ. ಅದಕ್ಕಿಂತ ಬಲವಾದ ಪಟ್ಟಿ ಹಿಗ್ಗುವುದಿಲ್ಲ, ಎಳೆತವೆಲ್ಲ ಕೊಕ್ಕೆಗಳ ಮೇಲೆ ಬೀಳುತ್ತದೆ. ಪಟ್ಟಿಯನ್ನು ಗಾಡಿಗೆ ಸಿಕ್ಕಿಸುವ ಲೋಹದ ಕೊಂಡಿಗಳ ಮಾತು: ಸಹಿಸಬಲ್ಲ ಭಾರವನ್ನು ಕೊರೆದಿರದ ಶ್ಯಾಕಲ್‌ಗಳನ್ನು ತರಲೇಬೇಡಿ, 3.25 ಟನ್ ಅಥವಾ 4.75 ಟನ್ ಎಂದು ಸ್ಪಷ್ಟವಾಗಿ ಮೂಡಿರಬೇಕು. ಟ್ರೇಲರ್ ಕಟ್ಟುವ ಲೋಹದ ಉಂಡೆಗೆ ಎಂದಿಗೂ ಪಟ್ಟಿ ಸಿಕ್ಕಿಸಬಾರದು. ಅದು ಕಿತ್ತುಬಂದರೆ ಗುಂಡಿನಂತೆ ಹಾರುತ್ತದೆ.

ಎಳೆಯುವಾಗ ನೋಡುವವರೆಲ್ಲರೂ ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರದಲ್ಲಿ, ಬದಿಗೆ ನಿಲ್ಲಬೇಕು, ಗಾಡಿಗಳ ನೇರಕ್ಕೆ ಅಲ್ಲ. 9 ಮೀಟರ್ ಪಟ್ಟಿಯಾದರೆ ಹದಿಮೂರು ಹದಿನಾಲ್ಕು ಮೀಟರ್ ದೂರ. ಸೋಂಕಿನ ಅಂತರಕ್ಕೂ ಇದು ಧಾರಾಳವಾಗಿ ಸಾಕು. ಸಿಕ್ಕಿಸುವ, ಬಿಚ್ಚುವ ಕೆಲಸ ಇಬ್ಬರದೇ ಇರಲಿ. ಅವರು ಕೈಗವಸು, ಮಾಸ್ಕ್ ಧರಿಸಿರಲಿ. ಹತ್ತು ಜನ ಸುತ್ತುವರಿದು ಹತ್ತು ಸಲಹೆ ಕೊಡುವ ನಮ್ಮ ಹಳೆಯ ರೂಢಿಯನ್ನು ಸೋಂಕು ಬಿಡಿಸಿದ್ದರೆ, ಅದು ಮುಂದೆಯೂ ಮರಳದಿರಲಿ ಎಂದು ನಾನು ಮನಸಾರೆ ಬಯಸುತ್ತೇನೆ.

ಸವಾರಿಯ ದಿನ

ಹೊರಡುವ ಮೊದಲು, ಬಯಲಿನಲ್ಲಿ ದೂರ ದೂರ ನಿಂತು ಹದಿನೈದು ನಿಮಿಷದ ಸೂಚನಾ ಸಭೆ ನಡೆಯಲಿ. ಮುಂದಿನ ಗಾಡಿ ಯಾರದು, ಕೊನೆಯ ಗಾಡಿ ಯಾರದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಅತಿ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ದಾರಿಯಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಎಲ್ಲರಿಗೂ ಹೇಳಿ. ಕಣಿವೆಯಲ್ಲಿ 108ಕ್ಕೆ ಕರೆ ಹೋಗದಿದ್ದರೆ ಯಾವ ಗುಡ್ಡದ ತಲೆಗೆ ಓಡಬೇಕು ಎಂಬುದು ಮೊದಲೇ ತಿಳಿದಿರಬೇಕು. ವಾಕಿಟಾಕಿ ಬಳಸುವುದಾದರೆ 446 ಮೆಗಾಹರ್ಟ್ಸ್‌ನ, ಪರವಾನಗಿ ಬೇಕಿಲ್ಲದ ಕಡಿಮೆ ಶಕ್ತಿಯ ಸೆಟ್ಟುಗಳನ್ನೇ ಬಳಸಿ. ಗುಡ್ಡ ಅಡ್ಡ ಬಂದರೆ ಅವುಗಳ ದನಿ ಹೆಚ್ಚು ದೂರ ಹೋಗದು. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿಗೆ ತಾವೇ ಹೊಣೆ ಎಂಬ ಹಳೆಯ ನಿಯಮವನ್ನು ಮತ್ತೆ ನೆನಪಿಸಿ: ತಿರುವು ಬಂದಾಗ ಹಿಂದಿನವರು ಕಾಣುವವರೆಗೆ ನಿಂತೇ ಮುಂದುವರಿಯಬೇಕು.

ಮಣ್ಣಿನ ದಾರಿ ಶುರುವಾಗುವಲ್ಲಿ ಟೈರಿನ ಗಾಳಿಯನ್ನು ಸುಮಾರು 20 ಪಿಎಸ್‌ಐಗೆ ಇಳಿಸಿದರೆ ಹೆಚ್ಚಿನ ಗಾಡಿಗಳಿಗೆ ಹಿಡಿತವೂ ಸಿಗುತ್ತದೆ, ದಾರಿಯೂ ಕಡಿಮೆ ಕೊರೆಯುತ್ತದೆ. ಮರಳಿ ತುಂಬಲು ಕಂಪ್ರೆಸರ್ ಇಲ್ಲದಿದ್ದರೆ ಇಳಿಸಬೇಡಿ, ಏಕೆಂದರೆ ಕಡಿಮೆ ಗಾಳಿಯ ಟೈರಿನಲ್ಲಿ ಹೆದ್ದಾರಿಯ ವೇಗದಲ್ಲಿ ಓಡುವುದು ಪ್ರಾಣಾಪಾಯ. ಹೊಸಬರನ್ನು ಸಾಲಿನ ನಡುವೆ ಇರಿಸಿ, ಅವರ ಮುಂದೆಯೂ ಹಿಂದೆಯೂ ಅನುಭವಿಗಳಿರಲಿ. ಮೊದಲ ಅಡೆತಡೆ ಸುಲಭದ್ದಾಗಿರಲಿ: ಒಂದು ಸಣ್ಣ ದಿಬ್ಬವನ್ನು ಫೋರ್ ಲೋದಲ್ಲಿ ಹತ್ತಿ, ಬ್ರೇಕ್ ತುಳಿಯದೆ ಮೊದಲ ಗೇರಿನ ಎಂಜಿನ್ ಹಿಡಿತದಲ್ಲಿ ಇಳಿಯುವುದು ಸಾಕು. ವರ್ಷಗಟ್ಟಲೆ ಓಡಿಸಿದವರ ಕೈಗೂ ಆ ಲಯ ಮರಳಲು ಒಂದು ಗಂಟೆ ಹಿಡಿಯುತ್ತದೆ. ಮಾರ್ಗದರ್ಶನಕ್ಕೆ ಒಬ್ಬರೇ ನಿಂತು ಕೈಸನ್ನೆ ಮಾಡಲಿ, ಚಾಲಕರು ಅವರನ್ನು ಮಾತ್ರ ನೋಡಲಿ. ಯಾರಿಗಾದರೂ ಒಂದು ಅಡೆತಡೆ ಬೇಡವೆನಿಸಿದರೆ ಪಕ್ಕದ ದಾರಿಯಿಂದ ಹೋಗುವ ಸ್ವಾತಂತ್ರ್ಯವಿರಲಿ, ಅದಕ್ಕೆ ಯಾರೂ ಹುಬ್ಬೇರಿಸಬಾರದು. ಹಳ್ಳದ ನೀರಿಗೆ ಈ ಸಲ ಇಳಿಯುವುದು ಬೇಡ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರು. ಎರಡು ವರ್ಷ ನಿಂತ ಗಾಡಿಯ ಆಯಿಲ್ ಸೀಲುಗಳು ಗಟ್ಟಿಯಾಗಿ ಸೋರುತ್ತಿರಲೂಬಹುದು.

ಮಧ್ಯಾಹ್ನ ಮೂರಕ್ಕೆ ವಾಪಸ್ ಹೊರಡಿ, ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದರೂ ಸರಿ. ಮುಂದಿನ ಸವಾರಿಗಳಲ್ಲಿ ಬಂಡೀಪುರದ ದಾರಿಯಿಂದ ಮರಳುವವರು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಷೇಧವಿರುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಗೇಟು ದಾಟುವ ಮೊದಲು ಕೊನೆಯ ಗಾಡಿಯವರು ಬಂದ ದಾರಿಯನ್ನು ನೋಡಿ, ಬಿದ್ದ ಕಾಗದ, ಮಾಸ್ಕ್, ಬಾಟಲಿಗಳನ್ನು ಎತ್ತಿಕೊಳ್ಳಲಿ. ಚಕ್ರ ಕೊರೆದ ಗುಂಡಿಗಳಿದ್ದರೆ ಸಲಿಕೆ ಹಿಡಿದು ಮುಚ್ಚಿ ಬರಲಿ.

ಮನೆಗೆ ಬಂದ ಮೇಲೆ

ಮರುದಿನ ಗಾಡಿ ತೊಳೆಯುವಾಗ ಡಿಫರೆನ್ಷಿಯಲ್ ಮತ್ತು ಗೇರ್‌ಬಾಕ್ಸ್ ಆಯಿಲನ್ನು ಒಂದಿಷ್ಟು ತೆಗೆದು ನೋಡಿ. ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ, ಕೂಡಲೇ ಬದಲಾಯಿಸಬೇಕು. ಪಟ್ಟಿಗಳನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಚೀಲದೊಳಗಿಡಿ.

ಬಂದವರ ಹೆಸರು ಮತ್ತು ಫೋನ್ ಸಂಖ್ಯೆಯ ಪಟ್ಟಿ ಸಂಯೋಜಕರ ಬಳಿ ಎರಡು ವಾರ ಇರಲಿ. ಯಾರಿಗಾದರೂ ಜ್ವರ ಬಂದರೆ ಅವರು ಮೊದಲು ಸಂಯೋಜಕರಿಗೆ ತಿಳಿಸಲಿ, ಸಂಯೋಜಕರು ಹೆಸರು ಹೇಳದೆ ಉಳಿದವರಿಗೆ ತಿಳಿಸಲಿ. ಎರಡನೆಯ ಸವಾರಿಯ ದಿನಾಂಕವನ್ನು ಒಂದು ವಾರ ಕಳೆಯುವವರೆಗೆ ನಿಗದಿಪಡಿಸಬೇಡಿ.

2021ರ ಆಗಸ್ಟ್‌ನಲ್ಲಿ, ಎರಡನೇ ಅಲೆ ಇಳಿದ ಮೇಲೆ, ಆರು ಗಾಡಿಗಳೊಂದಿಗೆ ನಾವು ಅದೇ ತೋಟಕ್ಕೆ ಹೋಗಿಬಂದೆವು. ಹೋಗುವ ಮೊದಲು ರೈಟರ ಮೂಲಕ ಲೈನ್ ಮನೆಗಳವರನ್ನು ಕೇಳಿಸಿದ್ದೆವು, ಅವರು ಹೇಳಿದಂತೆ ಹಿಂಬದಿಯ ಗೇಟಿನಿಂದಲೇ ಒಳಹೋಗಿದ್ದೆವು. ಒಂದು ವಾರದ ನಂತರ ನಾನು ರೈಟರಿಗೆ ಫೋನ್ ಮಾಡಿ, ನಮ್ಮಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಅಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳಿದೆ. ಯಾರಿಗೂ ಇಲ್ಲ ಎಂದರು. ಸ್ವಲ್ಪ ತಡೆದು, ಮುಂದಿನ ಸಲ ಮುಂದಿನ ಗೇಟಿನಿಂದಲೇ ಬನ್ನಿ, ಮಕ್ಕಳು ಜೀಪುಗಳನ್ನು ನೋಡಬೇಕಂತೆ ಎಂದರು.